ಒಂದೇ ವೈರಿನ ಮನೆ

ಕತ್ತಲಾದ ಮೇಲೆ ನಮ್ಮ ಮನೆಯಲ್ಲಿ ಒಲೆ ಉರಿದರೆ ದೀಪವಿಲ್ಲ, ದೀಪ ಉರಿದರೆ ಒಲೆಯಿಲ್ಲ. ನಾನು ಬೆಳೆದದ್ದು ಈ ಒಂದು ಕಾನೂನಿನ ಕೆಳಗೆ. ಬಾಲ್ಯದ ಮನೆ ಅಂದರೆ ಬೇರೆಯವರಿಗೆ ಏನೇನೋ ನೆನಪಾಗುತ್ತದೆ. ನನಗೆ ನೆನಪಾಗುವುದು ಗೋಡೆಯ ಮೇಲೆ ಮೊಳೆ ಹೊಡೆದು ಓಡಿಸಿದ ಒಂದು ಕಪ್ಪು ವೈರು. ಬಾಗಿಲ ಮೇಲಿನ ತೂತಿನಿಂದ ಒಳಗೆ ಬಂದು, ಒಂದು ಕವಲು ನಡುಮನೆಯ ಬಲ್ಬಿಗೆ, ಇನ್ನೊಂದು ಕವಲು ಮೂಲೆಯ ಅಡುಗೆಕಟ್ಟೆಗೆ ಹೋಗುತ್ತಿತ್ತು. ಆ ಎರಡು ಕವಲುಗಳ ನಡುವೆ ಕೂತು ನಾನು ಓದಿದೆ. ನಮ್ಮ ಅಪ್ಪನ ಕಡೆಯಲ್ಲೂ ಅವ್ವನ ಕಡೆಯಲ್ಲೂ ಡಿಗ್ರಿ ಅನ್ನುವುದನ್ನು ಕಂಡ ಮೊದಲನೆಯವಳು ನಾನು, ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಆದರೆ ಈಗ, ತಲೆ ನೆರೆತ ಮೇಲೆ, ಸರ್ಜಾಪುರದ ಕಡೆಯ ಈ ಅಪಾರ್ಟ್‌ಮೆಂಟಿನಲ್ಲಿ ನನ್ನ ಮಗಳೂ ನನ್ನ ಅವ್ವನೂ ಗ್ಯಾಸೋ ಕರೆಂಟೋ ಅಂತ ಮಾತಿಗೆ ಮಾತು ಬೆಳೆಸಿದಾಗ ನನಗೆ ಸಿಟ್ಟು ಬರಲಿಲ್ಲ, ಸುಸ್ತಾಯಿತು. ಈ ಜಗಳವನ್ನು ನಾನು ಒಂದು ಸಲ ಪೂರ್ತಿ ಕೇಳಿ ಮುಗಿಸಿದ್ದೇನೆ. ಅದನ್ನೇ ಇನ್ನೊಮ್ಮೆ ಮೊದಲಿನಿಂದ ಕೇಳಬೇಕಲ್ಲ ಅನ್ನಿಸಿತು.

ಪೀಣ್ಯದಲ್ಲಿ ನಮ್ಮದು ಶೀಟಿನ ಮನೆ. ಗೋಡೆಗೆ ಗೋಡೆ ಅಂಟಿಕೊಂಡ ನಾಲ್ಕು ಮನೆಗಳ ಸಾಲು, ಎದುರಿಗೆ ಒಂದು ನಲ್ಲಿ, ಹಿಂದೆ ಒಂದು ಪಾಯಿಖಾನೆ. ಸಾಲು ಮುಗಿದ ಕಡೆ ಲೇತ್ ಮಶೀನಿನ ಶೆಡ್ಡು. ಅಲ್ಲಿ ಕಬ್ಬಿಣ ಕಡೆಯುವಾಗ ಸುರಿಯುವ ಕೂಲಂಟ್ ಎಣ್ಣೆಯ ವಾಸನೆ ನಮ್ಮ ಒಣಹಾಕಿದ ಬಟ್ಟೆಗಳಲ್ಲಿ ಕೂತಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗಿ ಮೂಗು ಸೊಟ್ಟ ಮಾಡುವುದು ನನಗೆ ಅಭ್ಯಾಸವಾಗಿಹೋಗಿತ್ತು. ಮನೆಯ ಒಳಗೆ ಒಂದೂವರೆ ಕೋಣೆ. ಒಂದು ಕೋಣೆಯಲ್ಲಿ ಕೂರುವುದು, ಮಲಗುವುದು, ಓದುವುದು. ಉಳಿದ ಅರ್ಧದಲ್ಲಿ ಅಡುಗೆ, ಸ್ನಾನ, ಒಂದು ಸಣ್ಣ ಕಟ್ಟೆಯ ಮೇಲೆ ದೇವರು. ಅಪ್ಪ, ಅವ್ವ ರಾಣೆಬೆನ್ನೂರಿನ ಕಡೆಯವರು. ಮದುವೆಯಾದ ಹೊಸತರಲ್ಲಿ ಕೆಲಸ ಹುಡುಕಿಕೊಂಡು ಬಂದವರು. ರೇಷನ್ ಕಾರ್ಡು ಊರಲ್ಲೇ ಉಳಿದಿತ್ತು, ಹಾಗಾಗಿ ಪಕ್ಕದ ಮನೆಗಳವರ ಹಾಗೆ ನಮಗೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಅಪ್ಪ ಪಂಪ್ ಸ್ಟೋವ್ ತರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಯಾಕೆಂದರೆ ಅಪ್ಪ ಕಾಯಿಲ್ ಸುತ್ತುವವನು. ಹೀಟರು, ಇಸ್ತ್ರಿಪೆಟ್ಟಿಗೆ, ಒಲೆಗಳಿಗೆ ಬೇಕಾದ ಸುರುಳಿ ತಂತಿ ತಯಾರಿಸುವ ಒಂದು ಸಣ್ಣ ಶೆಡ್ಡಿನಲ್ಲಿ ಅವನ ಕೆಲಸ. ತಂತಿ ಜಾರಿ ಜಾರಿ ಅವನ ಬೆರಳಿನ ತುದಿಗಳಲ್ಲಿ ಸಣ್ಣ ಸಣ್ಣ ಗೆರೆಗಳು ಬಿದ್ದಿದ್ದವು. ನನ್ನ ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಮನೆಯ ಒಲೆಯನ್ನು ಅವನೇ ಕಟ್ಟಿದ್ದ. ತಗಡಿನ ಡಬ್ಬಿಯ ಮೇಲೆ ಗೆರೆ ಕೊರೆದ ಒಂದು ಪಿಂಗಾಣಿ ಬಿಲ್ಲೆ, ಆ ಗೆರೆಗಳಲ್ಲಿ ಅವನು ಸುತ್ತಿದ ಕಾಯಿಲ್ಲು. ಸ್ವಿಚ್ ಹಾಕಿದರೆ ಮೊದಲು ಒಂದು ಸಣ್ಣ ಸದ್ದು, ಆಮೇಲೆ ತಂತಿ ಬೂದುಬಣ್ಣದಿಂದ ನಿಧಾನವಾಗಿ ಕೆಂಪಗಾಗುತ್ತಿತ್ತು. ಅಪ್ಪ ಎಷ್ಟೋ ಸಲ ಅದರ ಮುಂದೆ ಸುಮ್ಮನೆ ಕೂತು ಆ ಕೆಂಪನ್ನು ನೋಡುತ್ತಿದ್ದ. ಎಲ್ಲ ಕಡೆ ಒಂದೇ ಸಮ ಕೆಂಪಾದರೆ ಸುತ್ತಿದ್ದು ಸರಿಯಾಗಿದೆ ಅಂತ ಲೆಕ್ಕ. ಎಲ್ಲಾದರೂ ಒಂದು ಕಡೆ ಹೆಚ್ಚು ಬೆಳ್ಳಗೆ ಹೊಳೆದರೆ ಅಲ್ಲೇ ನಾಳೆಯೋ ನಾಡಿದ್ದೋ ತುಂಡಾಗುತ್ತದೆ. ತುಂಡಾದಾಗ ಎರಡು ತುದಿಗಳನ್ನು ಎಳೆದು ಹೊಸೆದು ಅವನೇ ಕೂಡಿಸುತ್ತಿದ್ದ. ಅವ್ವ ಗ್ಯಾಸ್ ಅಂದರೆ ಸಾಕು, ಈ ಒಲೆಯ ಗುಣಗಾನ ಶುರುವಾಗುತ್ತಿತ್ತು.

"ಹೊಗಿ ಇಲ್ಲ, ಮಸಿ ಇಲ್ಲ, ಕಡ್ಡಿ ಗೀರೂದು ಇಲ್ಲ. ಗುಂಡಿ ಒತ್ತಿದ್ರ ಬೆಂಕಿ. ಇನ್ನೇನು ಬೇಕ ನಿನಗ?"

ಅವ್ವನಿಗೆ ಆ ಒಲೆಯೊಂದಿಗೆ ಯಾವತ್ತೂ ಹೊಂದಿಕೆಯಾಗಲಿಲ್ಲ. ಅವಳು ಜೋಳದ ರೊಟ್ಟಿ ಬಡಿಯುವವಳು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ನೀರಿನ ಬಟ್ಟೆ ಸವರಲೇಬೇಕು, ಸವರಿದರೆ ಒಂದೆರಡು ಹನಿ ಕೆಳಗೆ ಬೀಳಲೇಬೇಕು, ಬಿದ್ದರೆ ಕಾಯಿಲ್ಲು ಚುಂಯ್ ಅಂದು ಹಿಟ್ಟಿನ ಕೈಗೆ ಜುಮ್ಮೆನ್ನುವುದು ಖಂಡಿತ. ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಅಡುಗೆ ಮಾಡು, ಶಾಕ್ ಹೊಡೆಯುವುದಿಲ್ಲ ಅಂತ ಅಪ್ಪ ಹೇಳಿದ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಆಮೇಲೆ ಒಲೆಯ ಮುಂದೆ ಚಪ್ಪಲಿ ಮೆಟ್ಟಿಕೊಂಡು ನಿಲ್ಲುವುದೆಂದರೆ ಅವ್ವನಿಗೆ ಆಗದ ಮಾತು. ಕೊನೆಗೆ ಮದುವೆಯಲ್ಲಿ ಕೂತಿದ್ದ ಮರದ ಮಣೆಯನ್ನೇ ತಂದು ಒಲೆಯ ಮುಂದೆ ಹಾಕಿಕೊಂಡು ಅದರ ಮೇಲೆ ನಿಂತು ಅಡುಗೆ ಮಾಡಿದಳು. ಅದರ ಮೇಲಿನ ಬಣ್ಣ ಅವಳ ಹಿಮ್ಮಡಿ ಉಜ್ಜಿ ಉಜ್ಜಿ ಹೋಯಿತು. ಒಂದು ಸೋಮವಾರ, ಎಂದಿನ ಹಾಗೆ ಒಲೆಗೆ ವಿಭೂತಿ ಧರಿಸಲು ಹೋದಳು. ಊರಿನ ಮಣ್ಣಿನ ಒಲೆಗೆ ಮೂರು ಬೆರಳು ಅದ್ದಿ ಎಳೆಯುವ ಹಾಗೆಯೇ ತಗಡಿನ ಡಬ್ಬಿಯ ಮೇಲೆ ಒದ್ದೆ ಬೆರಳು ಎಳೆದಳು. ಸ್ವಿಚ್ ಹಾಕಿದ್ದು ಮರೆತಿದ್ದಳು, ಮಣೆಯ ಮೇಲೂ ನಿಂತಿರಲಿಲ್ಲ. ಹಿಂದಕ್ಕೆ ಹಾರಿಬಿದ್ದು ಕೊಡಕ್ಕೆ ತಲೆ ಬಡಿಯಿತು. ನೋವಿಗಿಂತ ಅವಳಿಗೆ ಬೇಜಾರಾದದ್ದು ಬೇರೆಯದಕ್ಕೆ. ಒಲೆಯೇ ತನ್ನ ಕೈಯಿಂದ ವಿಭೂತಿ ಬೇಡ ಅಂದಿತಲ್ಲ ಎಂದು ಅವತ್ತೆಲ್ಲ ಮಾತು ಬಿಟ್ಟಿದ್ದಳು. ಅಪ್ಪ ನಕ್ಕಿದ್ದು ಅದಕ್ಕೆ ಇನ್ನಷ್ಟು ತುಪ್ಪ ಸುರಿಯಿತು. ಮಾರನೆಯ ದಿನ ಅವನು ಡಬ್ಬಿಗೆ ಒಂದು ಅರ್ಥಿಂಗ್ ತಂತಿ ಕಟ್ಟಿ, ಅದನ್ನು ನಲ್ಲಿಯ ಪೈಪಿನವರೆಗೂ ಎಳೆದ. ಅವ್ವ ಮತ್ತೆ ಒಲೆಗೆ ವಿಭೂತಿ ಧರಿಸಲಿಲ್ಲ. ಪಕ್ಕದ ಗೋಡೆಗೆ ಹಚ್ಚಿ ಸುಮ್ಮನಾದಳು.

ಇಷ್ಟಾದರೂ ಅವ್ವ ಸಹಿಸಿಕೊಂಡಿದ್ದಳೋ ಏನೋ. ಸಹಿಸಲಾಗದೆ ಹೋದದ್ದು ಬೆಳಕಿನ ವಿಷಯ. ಒಲೆ ಹಾಕಿದ ಕೂಡಲೇ ನಡುಮನೆಯ ಬಲ್ಬು ಮಂಕಾಗುತ್ತಿತ್ತು. ಬಲ್ಬಿನೊಳಗಿನ ತಂತಿ ಒಂದು ಕೆಂಪು ಹುಳದ ಹಾಗೆ ಕಾಣುತ್ತಿತ್ತು, ಅಷ್ಟೆ. ಪುಸ್ತಕವನ್ನು ಮೂಗಿಗೆ ಹಿಡಿದರೂ ಅಕ್ಷರಗಳು ಇರುವೆಗಳಾಗುತ್ತಿದ್ದವು. ಮಂಕಾಗುವುದರ ಜೊತೆಗೆ ಫ್ಯೂಸೂ ಹೋಗಲು ಶುರುವಾಯಿತು. ನಾಲ್ಕು ಮನೆಗೆ ಒಂದೇ ಮೀಟರು, ಒಂದೇ ಫ್ಯೂಸು. ಅದು ಇದ್ದದ್ದು ಓನರಮ್ಮ ಮುನಿಯಮ್ಮನವರ ಮನೆಯ ಜಗಲಿಯಲ್ಲಿ. ಮುನಿಯಮ್ಮನವರು ಅದೇ ಊರಿನ ಹಳಬರು. ಫ್ಯಾಕ್ಟರಿಗಳು ಬರುವ ಮುಂಚೆ ಅಲ್ಲೇ ರಾಗಿ ಬೆಳೆದವರು. ಹೊಲ ಹೋದ ಮೇಲೆ ಉಳಿದ ತುಂಡಿನಲ್ಲಿ ಶೀಟಿನ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಅವರಿಗೆ ನಮ್ಮ ಮೇಲೆ ಸಿಟ್ಟೇನೂ ಇರಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು, ಅವ್ವನ ಮಾತಿನ ಧಾಟಿಯನ್ನು ಅಣಕಿಸಿ ತಾವೇ ನಗುತ್ತಿದ್ದರು. ಆದರೆ ಆ ಸಂಜೆ, ಮೂರನೆಯ ಸಲವೋ ನಾಲ್ಕನೆಯ ಸಲವೋ ಫ್ಯೂಸ್ ಹೋಗಿ ಇಡೀ ಸಾಲು ಕತ್ತಲಾದಾಗ, ಕೈಯಲ್ಲಿ ಬುಡ್ಡಿದೀಪ ಹಿಡಿದು ನಮ್ಮ ಬಾಗಿಲಿಗೇ ಬಂದು ನಿಂತರು.

"ಏನವ್ವಾ, ನಿಮ್ಮನೆ ಒಲೆಗೆ ನಾಕು ಮನೆಯೋರು ಕತ್ಲಲ್ಲಿ ಕುಂತ್ಕಬೇಕಾ? ಒಂದ್ಮಾತು ಯೋಳ್ತೀನಿ ಕೇಳು. ಕತ್ಲಾದ್ಮೇಲೆ ಲೈಟ್ ಆಕಿದ್ರೆ ಒಲೆ ಆಕ್ಬ್ಯಾಡ. ಒಲೆ ಆಕಿದ್ರೆ ಲೈಟ್ ಆಕ್ಬ್ಯಾಡ. ಎಲ್ಡೂ ಬೇಕು ಅಂದ್ರೆ ಬ್ಯಾರೆ ಮನೆ ನೋಡ್ಕಳಿ."

ಹಾಗಾದರೆ ಗ್ಯಾಸ್ ತರುತ್ತೇವೆ ಅಂತ ಅವ್ವ ಅಂದಳು. ಅದಕ್ಕೂ ಅವರು ಒಪ್ಪಲಿಲ್ಲ. ಸಿಲಿಂಡರ್ ಸಿಡಿದರೆ ತಮ್ಮ ಶೀಟುಗಳೆಲ್ಲ ಹಾರಿಹೋಗುತ್ತವೆ ಅನ್ನುವುದು ಅವರ ಹೆದರಿಕೆ. ಅಪ್ಪ ಒಳಗಿನಿಂದ, ಸರಿಯಾಗಿ ಹೇಳಿದಿರಿ ಅಂತ ದನಿಗೂಡಿಸಿದ. ಅಲ್ಲಿಗೆ ಆ ಮಾತು ಮುಗಿಯಿತು, ಕಾನೂನು ಉಳಿಯಿತು.

ಆಗ ನಾನು ಎಂಟನೆಯ ಕ್ಲಾಸು. ಅಲ್ಲಿಂದ ಮುಂದೆ ಸಂಜೆಯೆಂದರೆ ಒಂದು ಪಾಳಿ. ಶಾಲೆಯಿಂದ ಬಂದು, ನೀರು ಹಿಡಿದು, ಕೈಕಾಲು ತೊಳೆದು ನಾನು ಬಲ್ಬಿನ ಕೆಳಗೆ ಕೂರುತ್ತಿದ್ದೆ. ಅವ್ವ ತರಕಾರಿ ಹೆಚ್ಚಿ, ಹಿಟ್ಟು ಜರಡಿ ಹಿಡಿದು, ಬೇಳೆ ತೊಳೆದು, ಎಲ್ಲ ಸಿದ್ಧ ಮಾಡಿಟ್ಟು ಅಡುಗೆಮನೆಯ ಹೊಸಿಲ ಮೇಲೆ ಕೂತು ಕಾಯುತ್ತಿದ್ದಳು. ನಾನು ಪುಟ ತಿರುಗಿಸಿದರೆ ತಲೆಯೆತ್ತಿ ನೋಡುತ್ತಿದ್ದಳು. ಪುಸ್ತಕ ಮುಚ್ಚಿದ ಸದ್ದು ಕೇಳಿದರೆ ಮಾತ್ರ ಬಾಯಿ ಬಿಡುತ್ತಿದ್ದಳು.

"ಓದೂದು ಮುಗೀತೇನವಾ? ಒಲಿ ಹಚ್ಚಲೇನು?"

ಮುಗೀತವ್ವಾ ಅಂದರೆ ಎದ್ದು ಬಲ್ಬು ಆರಿಸಿ ಒಲೆ ಹಾಕುತ್ತಿದ್ದಳು. ಆಮೇಲೆ ಮನೆಯಲ್ಲಿ ಉಳಿಯುತ್ತಿದ್ದುದು ಕಾಯಿಲ್ಲಿನ ಕೆಂಪು ಬೆಳಕು ಮಾತ್ರ, ಅದರಲ್ಲಿ ಅವ್ವನ ಕೈ ಮತ್ತು ಗಲ್ಲ. ಇನ್ನೂ ಇಲ್ಲ ಅಂದರೆ ಮತ್ತೆ ಹೊಸಿಲ ಮೇಲೆ ಕೂರುತ್ತಿದ್ದಳು. ಬೇಗ ಓದು ಅಂತ ಅವಳು ಒಂದು ದಿನವೂ ಅನ್ನಲಿಲ್ಲ. ಅವಳ ಹೊಟ್ಟೆಯೂ ಹಸಿದಿರುತ್ತದೆ ಎಂದು ನನಗೆ ಹೊಳೆಯುವಷ್ಟರಲ್ಲಿ ನಾನು ದೊಡ್ಡ ಕ್ಲಾಸಿಗೆ ಬಂದಿದ್ದೆ, ಓದುವುದೂ ಹೆಚ್ಚಾಗಿತ್ತು. ಆಗ ಅವ್ವ ಬೇರೆ ದಾರಿ ಹಿಡಿದಳು. ಕರೆಂಟು ಇರುವ ಹಗಲಿನಲ್ಲೇ ರೊಟ್ಟಿ ಬಡಿದು, ಕಾವಲಿಯ ಮೇಲೆ ಒತ್ತಿ ಒತ್ತಿ ಒಣಗಿಸಿ ಕಡಕ್ ರೊಟ್ಟಿ ಮಾಡಿ ಡಬ್ಬಿಯಲ್ಲಿ ಜೋಡಿಸಿಟ್ಟಳು. ರಾತ್ರಿಯ ಊಟಕ್ಕೆ ಅದೇ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಇದ್ದರೆ ಒಂದು ಈರುಳ್ಳಿ. ಬಿಸಿ ಅನ್ನ, ಬಿಸಿ ಸಾರು ಅನ್ನುವುದು ರಜೆಯ ದಿನಗಳ ಮಾತಾಯಿತು. ನನ್ನ ಡಿಗ್ರಿ ಯಾವುದರಿಂದ ಬಂತು ಅಂತ ಯಾರಾದರೂ ಕೇಳಿದರೆ ಕಡಕ್ ರೊಟ್ಟಿಯಿಂದ ಅನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ.

ಅಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. ದಿನವಿಡೀ ಬಿಸಿ ತಂತಿಯ ಜೊತೆ ಕೆಲಸ ಮಾಡಿ ಬಂದವನಿಗೆ ಬಿಸಿ ಊಟವಿಲ್ಲ. ಅದೂ ತನ್ನ ಕೈಯಾರೆ ಕಟ್ಟಿದ ಒಲೆ ಮನೆಯಲ್ಲಿ ತಣ್ಣಗೆ ಕೂತಿರುವಾಗ. ಸೆಕೆಂಡ್ ಶಿಫ್ಟ್ ಇಲ್ಲದ ದಿನಗಳಲ್ಲಿ ಅವನು ಸಂಜೆಗೇ ಬರುತ್ತಿದ್ದ. ಬಂದವನು ಬಾಗಿಲಲ್ಲೇ ನಿಂತು ಮೊದಲು ಒಲೆಯನ್ನೂ ಆಮೇಲೆ ಬಲ್ಬನ್ನೂ ನೋಡುತ್ತಿದ್ದ. ಅವನ ಮುಖ ನೋಡಿ ನಾನು ಪುಸ್ತಕದೊಳಗೆ ಇನ್ನಷ್ಟು ಬಗ್ಗುತ್ತಿದ್ದೆ. ಜಗಳ ಜೋರಿನದಲ್ಲ. ಗೋಡೆ ಪಕ್ಕದ ಮನೆಗೂ ಸೇರಿದ್ದು, ಜೋರಾಗಿ ಆಡುವಂತಿರಲಿಲ್ಲ. ಪಾತ್ರೆ ಇಡುವ ಸದ್ದಿನಲ್ಲಿ, ಚೊಂಬು ಕುಕ್ಕುವುದರಲ್ಲಿ ಅರ್ಧ ಮುಗಿಯುತ್ತಿತ್ತು. ನಾನು ಹತ್ತನೆಯ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅವನು ನೇರವಾಗಿ ಹೋಗಿ ಒಲೆಯ ಸ್ವಿಚ್ಚಿಗೆ ಕೈ ಹಾಕಿದ. ಹೆಣ್ಣುಹುಡುಗಿ ಇಷ್ಟು ಓದಿದ್ದು ಸಾಕು, ಹೇಗೂ ನಾಳೆ ಇನ್ನೊಬ್ಬರ ಮನೆಯ ಒಲೆಯ ಮುಂದೆ ನಿಲ್ಲುವವಳೇ ಅಂದ. ಅವ್ವ ಮಣೆಯ ಮೇಲೆ ಹತ್ತಿ ಒಲೆಗೂ ಅವನಿಗೂ ಅಡ್ಡ ನಿಂತಳು.

"ನನಗ ಬೆಂಕಿ ಬೇಕಾಗಿಲ್ಲರಿ. ಹುಡುಗಿಗೆ ಬೆಳಕು ಬೇಕಾಗೇತಿ. ನಿಮಗ ಬಿಸಿ ಬೇಕಂದ್ರ ಗ್ಯಾಸ್ ತರ್ರಿ."

ಅಪ್ಪ ಕೈ ತೆಗೆದ. ಗ್ಯಾಸ್ ಅನ್ನುವ ಮಾತು ಅವನಿಗೆ ಚುಚ್ಚಿತ್ತು. ಕಾಯಿಲ್ ಸುತ್ತುವವನ ಮನೆಗೆ ಗ್ಯಾಸ್ ಬಂತು ಅಂತ ಗೊತ್ತಾದರೆ ಶೆಡ್ಡಿನಲ್ಲಿ ಜೊತೆಯವರು ಏನನ್ನುತ್ತಾರೆ ಅನ್ನುವುದು ಅವನ ಚಿಂತೆ. ಹೊರಗೆ ಹೋಗಿ ಮಂಡಕ್ಕಿ ಕಟ್ಟಿಸಿಕೊಂಡು ಬಂದು, ನಲ್ಲಿಯ ಕಟ್ಟೆಯ ಮೇಲೆ ಒಬ್ಬನೇ ಕೂತು ತಿಂದ. ನಾನು ಓದಿದೆನೋ ಇಲ್ಲವೋ ನೆನಪಿಲ್ಲ. ಇನ್ನು ಎಷ್ಟು ದಿನ ಈ ಬಲ್ಬು ನನ್ನದು ಅನ್ನುವುದೊಂದೇ ತಲೆಯಲ್ಲಿತ್ತು. ಅವತ್ತು ಅಪ್ಪ ಸ್ವಿಚ್ಚು ಒತ್ತಿಬಿಟ್ಟಿದ್ದರೆ ಮಾರನೆಯ ದಿನವೂ ಒತ್ತುತ್ತಿದ್ದ, ಅದರ ಮಾರನೆಯ ದಿನವೂ ಒತ್ತುತ್ತಿದ್ದ. ಆಮೇಲೆ ಯಾರೂ ನನ್ನನ್ನು ಓದು ಬಿಡು ಅಂತ ಹೇಳಬೇಕಾದ ಅಗತ್ಯವೇ ಇರುತ್ತಿರಲಿಲ್ಲ.

ಮಾತು ತಿರುಗಿದ್ದು ಪಾಠದಿಂದ. ಜೋರಾಗಿ ಓದಿದರೆ ತಲೆಯಲ್ಲಿ ನಿಲ್ಲುತ್ತದೆ ಅಂತ ನಮ್ಮ ಮೇಷ್ಟ್ರು ಹೇಳಿದ್ದರು, ನಾನು ಹಾಗೆಯೇ ಓದುತ್ತಿದ್ದೆ. ಆ ಸಂಜೆ ವಿಜ್ಞಾನದ ಪುಸ್ತಕದಲ್ಲಿ ವಿದ್ಯುತ್ತಿನಿಂದ ಶಾಖ ಹುಟ್ಟುವ ಪಾಠ. ಒಲೆಗಳಲ್ಲಿ, ಇಸ್ತ್ರಿಪೆಟ್ಟಿಗೆಗಳಲ್ಲಿ ನಿಕ್ರೋಮ್ ತಂತಿಯನ್ನು ಯಾಕೆ ಬಳಸುತ್ತಾರೆ ಎಂದು ಅದರಲ್ಲಿತ್ತು. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಹತ್ತಿದೆ ಅಂದುಕೊಂಡಿದ್ದೆ.

"ಏನಂದಿ? ನಿಕ್ರೋಮ್ ಅಂದೆಲ್ಲ. ಪುಸ್ತಕದಾಗ ಐತೇನದು?"

ಐತಪ್ಪಾ ಅಂದೆ. ತೆವಳಿಕೊಂಡು ಹತ್ತಿರ ಬಂದ. ಅಪ್ಪ ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದ. ನಾನು ತೋರಿಸಿದ ಪದದ ಕೆಳಗೆ ಗೆರೆ ಬಿದ್ದ ಬೆರಳಿಟ್ಟು ನಿಧಾನವಾಗಿ ಓದಿದ. ಪಕ್ಕದಲ್ಲಿ ಒಲೆಯ ಚಿತ್ರವೂ ಇತ್ತು, ನಮ್ಮ ಮನೆಯದರ ಹಾಗೆಯೇ ದುಂಡಗಿನ ಬಿಲ್ಲೆ, ಸುರುಳಿ.

"ಇದು ನಾ ಸುತ್ತೂದು," ಅಂದ. ಚಿತ್ರದ ಸುರುಳಿಯ ಮೇಲೆ ಬೆರಳಾಡಿಸಿ, "ಅವರಿಗೆ ಹೆಂಗ ಗೊತ್ತಾತು?" ಅಂದ.

ನಾನು ನಕ್ಕೆ. ಅವನು ನಗಲಿಲ್ಲ. ಮುಂದೆ ಓದು ಅಂದ. ಓದಿದೆ. ತಂತಿ ತೆಳ್ಳಗಾದಷ್ಟೂ ತಡೆ ಹೆಚ್ಚು ಅನ್ನುವುದು, ಒಂದೇ ದಾರಿಯಲ್ಲಿ ಹೆಚ್ಚು ಕರೆಂಟು ಎಳೆದರೆ ಏನಾಗುತ್ತದೆ ಅನ್ನುವುದು, ಫ್ಯೂಸು ಯಾಕೆ ಹೋಗುತ್ತದೆ ಅನ್ನುವುದು. ಅದೆಲ್ಲ ಅವನಿಗೆ ಕೈಯಲ್ಲಿ ಗೊತ್ತಿದ್ದದ್ದೇ. ಆದರೂ ಬೇರೆ ಯಾರದೋ ಮನೆಯ ಸುದ್ದಿ ಕೇಳುವವನ ಹಾಗೆ ಕೇಳಿದ. ನಡುವೆ ನಾನು ಉಸಿರು ಬಿಡಲು ನಿಲ್ಲಿಸಿದಾಗ, ಪಾಠ ಮುಗಿಯಿತೆಂದು ಅವ್ವ ಎಂದಿನಂತೆ ಹೊಸಿಲಿನಿಂದ ಎದ್ದು ಒಲಿ ಹಚ್ಚಲೇನು ಅಂದಳು. ಉತ್ತರ ಅಪ್ಪ ಕೊಟ್ಟ.

"ತಡಿ. ಪಾಠ ಇನ್ನ ಮುಗಿದಿಲ್ಲ."

ಅವ್ವ ಮತ್ತೆ ಕೂತಳು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದದ್ದು ನಗುವುದಕ್ಕೋ ಇನ್ನೇನಕ್ಕೋ ನನಗೆ ಕಾಣಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಸಂಜೆ ಬಂದರೆ ಒಲೆಯ ಕಡೆ ನೋಡುತ್ತಿರಲಿಲ್ಲ. ಬಲ್ಬು ಉರಿಯುತ್ತಿದ್ದರೆ ಚಪ್ಪಲಿ ಸದ್ದು ಮಾಡದೆ ಬಿಟ್ಟು, ಡಬ್ಬಿಯಿಂದ ರೊಟ್ಟಿ ಮುರಿದುಕೊಳ್ಳುತ್ತಿದ್ದ. ಒಂದು ಸಲ ಮಾತ್ರ, ರೊಟ್ಟಿ ಅಗಿಯುತ್ತಾ, ತನ್ನಷ್ಟಕ್ಕೆ ಅನ್ನುವ ಹಾಗೆ ಹೇಳಿದ: ನಾ ಸುತ್ತಿದ ಕಾಯಿಲ್ಲಿನ ಪಾಠ ಓದಾಕ ನನ್ನ ಕಾಯಿಲ್ಲೇ ಆರಿಸಬೇಕಾತು ನೋಡು.

ಗ್ಯಾಸು ಬಂದದ್ದು ನಾನು ಪಿಯುಸಿಗೆ ಸೇರಿದ ಮೇಲೆ. ಅಷ್ಟರಲ್ಲಿ ಮುನಿಯಮ್ಮನವರ ಸೊಸೆ ತವರಿನಿಂದ ಗ್ಯಾಸ್ ಒಲೆ ತಂದಿದ್ದಳು, ಅವರ ಶೀಟುಗಳು ಹಾರಿಹೋಗಿರಲಿಲ್ಲ, ಹಾಗಾಗಿ ನಮಗೆ ಬೇಡ ಅನ್ನಲು ಅವರಿಗೆ ಬಾಯಿರಲಿಲ್ಲ. ಅಪ್ಪ ತನ್ನ ಸೂಪರ್‌ವೈಸರ್‌ಗೆ ಹೇಳಿ ಕನೆಕ್ಷನ್ನಿಗೆ ಬರೆಸಿದ್ದನಂತೆ. ನಮಗೆ ಒಂದು ಮಾತೂ ಹೇಳಿರಲಿಲ್ಲ. ಒಂದು ಭಾನುವಾರ ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದ ಸಿಲಿಂಡರಿನೊಂದಿಗೆ ಬಂದ. ಕೆಂಪು ಸಿಲಿಂಡರ್ ಇಳಿಸಿ ಒಳಗೆ ತಂದು, ಜೊತೆಗೆ ತಂದಿದ್ದ ಒಲೆಗೆ ಜೋಡಿಸಿಟ್ಟವನು ಹೊರಗೇ ಹೋಗಿ ನಿಂತ. ಅವ್ವ ತಲೆಗೆ ನೀರು ಹಾಕಿಕೊಂಡು ಬಂದು, ಹೊಸ ಒಲೆಗೆ ಮೂರು ಬೆರಳು ಎಳೆದು ವಿಭೂತಿ ಧರಿಸಿದಳು. ಎಷ್ಟೋ ವರ್ಷದ ಮೇಲೆ ಅವಳ ಕೈ ಒಲೆಯನ್ನು ಹೆದರದೆ ಮುಟ್ಟಿದ್ದು ಅವತ್ತು. ಆಮೇಲೆ ನನ್ನನ್ನು ಬಲ್ಬು ಹಾಕಲು ಹೇಳಿದಳು. ಮಟಮಟ ಮಧ್ಯಾಹ್ನ. ಯಾಕವ್ವಾ ಅಂದರೆ ಹಾಕು ಅಂದಳು. ಹಾಕಿದೆ. ಅವಳು ಕಡ್ಡಿ ಗೀರಿ ಒಲೆ ಹಚ್ಚಿದಳು, ಹಚ್ಚಿ ಒಲೆಯನ್ನು ನೋಡಲಿಲ್ಲ, ತಲೆಯೆತ್ತಿ ಬಲ್ಬನ್ನು ನೋಡಿದಳು.

"ನೋಡ್ರಿ, ಕದಲಲಿಲ್ಲ," ಅಂತ ಬಾಗಿಲಾಚೆ ನಿಂತ ಅಪ್ಪನಿಗೆ ಹೇಳಿದಳು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಲ್ಲ, ಹೆಂಗ ಕದಲತೈತಿ?" ಅಂದ ಅಪ್ಪ.

ಅವನ ಕಾಯಿಲ್ ಒಲೆ ಅಟ್ಟಕ್ಕೆ ಹೋಗಲಿಲ್ಲ. ಭಾನುವಾರ ಅದರ ಮೇಲೆ ತನ್ನ ಸ್ನಾನಕ್ಕೆ ನೀರು ಕಾಯಿಸಿಕೊಳ್ಳುತ್ತಿದ್ದ, ಹಗಲಿನಲ್ಲಿ. ನಾನು ಬಿ.ಎಸ್ಸಿ. ಮುಗಿಸಿದ್ದು, ಜಿಗಣಿಯ ಔಷಧಿ ಕಾರ್ಖಾನೆಯೊಂದರ ಲ್ಯಾಬಿಗೆ ಸೇರಿದ್ದು, ಬಿಳಿ ಕೋಟು ಹಾಕಿಕೊಂಡ ನನ್ನ ಫೋಟೋವನ್ನು ಅವನು ಶೆಡ್ಡಿನಲ್ಲಿ ಎಲ್ಲರಿಗೂ ತೋರಿಸಿದ್ದು, ಇವೆಲ್ಲ ಆಮೇಲಿನವು. ಅವನು ಹೋದ ಮೇಲೆ ಅವ್ವ ನನ್ನ ಜೊತೆಗೇ ಬಂದಳು. ಅಂದಿನಿಂದ ಇಂದಿನವರೆಗೂ ಈ ಮನೆಯ ಅಡುಗೆ ಅವಳದೇ. ಲ್ಯಾಬಿನಿಂದ ಸುಸ್ತಾಗಿ ಬಂದಿದ್ದೀಯೆಂದು ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಂಡವಳಲ್ಲ.

ಈಗಿನ ಜಗಳಕ್ಕೆ ಕಾರಣ ಅವ್ವನ ಮೂಗು. ಕೊರೊನಾ ಬಂದು ಹೋದ ಮೇಲೆ ಅವಳಿಗೆ ವಾಸನೆ ಹತ್ತುವುದಿಲ್ಲ. ಒಗ್ಗರಣೆ ಸೀದರೆ ಗೊತ್ತಾಗುವುದಿಲ್ಲ, ಹಾಲು ಕೆಟ್ಟಿದೆಯೋ ಇಲ್ಲವೋ ನನ್ನನ್ನು ಕರೆದು ಮೂಸಲು ಹೇಳುತ್ತಾಳೆ. ಹೋದ ತಿಂಗಳು ಒಂದು ದಿನ ಹಾಲು ಉಕ್ಕಿ ಒಲೆ ಆರಿಹೋಗಿದೆ, ಗ್ಯಾಸು ಬರುತ್ತಲೇ ಇದೆ, ಅವ್ವ ಅಲ್ಲೇ ಸ್ಟೂಲಿನ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಳೆ. ನನ್ನ ಮಗಳು ಸಿರಿ ಲಿಫ್ಟಿನಿಂದ ಹೊರಗೆ ಬರುತ್ತಿದ್ದಂತೆಯೇ ಅವಳಿಗೆ ವಾಸನೆ ಹೊಡೆದಿದೆ. ಓಡಿ ಬಂದು ಒಲೆ ಆರಿಸಿ, ಕಿಟಕಿ ಬಾಗಿಲು ತೆಗೆದು, ಅಜ್ಜಿಯನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿದ್ದಾಳೆ. ಏನೂ ಆಗಲಿಲ್ಲ. ನಾನು ಮನೆಗೆ ಬಂದಾಗ ಸಿರಿ ಇನ್ನೂ ಒಲೆಯ ಗುಂಡಿಗಳನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದಳು, ಅವ್ವ ಮಾತ್ರ ಸೊಪ್ಪು ಬಿಡಿಸಿ ಮುಗಿಸಿದ್ದಳು.

"ಅಜ್ಜಿ, ನಾಳೆಯಿಂದ ಗ್ಯಾಸ್ ಬೇಡ. ಇಂಡಕ್ಷನ್ ಹಾಕ್ಸೋಣ, ಕರೆಂಟಿಂದು. ವಾಸನೆ ನೋಡೋ ಕೆಲಸನೇ ಇರಲ್ಲ."

"ಕರೆಂಟ್ ಒಲಿ ಬ್ಯಾಡ. ಅದರ ಕೂಡ ನಾ ಅರ್ಧ ಆಯುಷ್ಯ ತೆಗದೀನಿ."

ಸಿರಿ ಬಿಡುವವಳಲ್ಲ. ಗ್ಯಾಸ್ ಒಲೆಯ ಹೊಗೆ ಕಣ್ಣಿಗೆ ಕಾಣದಿದ್ದರೂ ಎದೆಗೆ ಹೋಗುತ್ತದೆ, ಕಿಟಕಿ ಮುಚ್ಚಿದ ಅಪಾರ್ಟ್‌ಮೆಂಟುಗಳಲ್ಲಿ ಇನ್ನೂ ಕೆಟ್ಟದ್ದು ಅಂತ ಫೋನಿನಲ್ಲಿ ಓದಿ ಹೇಳಿದಳು. ಹಾಗಾದರೆ ನಾ ಇಷ್ಟು ದಿನ ಹೆಂಗ ಬದಕೇನಿ ಅಂತ ಅವ್ವ ಕೇಳಿದಳು. ನನ್ನ ಗಂಡ ಇಂಥ ಹೊತ್ತಿನಲ್ಲಿ ಪೇಪರಿನ ಹಿಂದೆ ಕೂರುವವರು. ಅಜ್ಜಿ, ಮೊಮ್ಮಗಳು ಇಬ್ಬರೂ ನನ್ನ ಮುಖ ನೋಡಿದರು. ಗ್ಯಾಸ್ ಒಳ್ಳೆಯದೋ ಕರೆಂಟ್ ಒಳ್ಳೆಯದೋ ಅಂತ ನನ್ನನ್ನು ಕೇಳಿದರೆ ನಾನು ಏನು ಹೇಳಲಿ? ನಿಮ್ಮ ಮನೆಯ ವೈರು ಎಷ್ಟು ದಪ್ಪವಿದೆ, ಆ ಮನೆಯಲ್ಲಿ ಯಾರು ಓದುತ್ತಿದ್ದಾರೆ, ಯಾರ ಮೂಗು ಕೆಟ್ಟಿದೆ ಅಂತ ನಾನು ಮೊದಲು ಕೇಳಬೇಕಾಗುತ್ತದೆ. ಕೊನೆಗೆ ಸಿರಿಯ ಮಾತಿಗೆ ಹ್ಞೂಂ ಅಂದೆ. ನನಗಾಗಿ ಒಂದು ಕಾಲದಲ್ಲಿ ಅಪ್ಪನ ಎದುರು ನಿಂತು ಅವ್ವ ಗೆದ್ದ ಒಲೆಯನ್ನು ಅವಳ ಮುಂದೆಯೇ ಬಿಚ್ಚಿಸಿ ಕಳಿಸಿದೆ. ಬೇರೆ ದಾರಿ ಇರಲಿಲ್ಲ. ಪ್ಲಂಬರ್ ರಬ್ಬರ್ ಟ್ಯೂಬು ಎಳೆಯುವಾಗ ಅವ್ವ ಅಡುಗೆಮನೆಗೆ ಬರಲಿಲ್ಲ, ದೇವರ ಕೋಣೆಯಲ್ಲಿ ಕೂತಿದ್ದಳು.

ಇಂಡಕ್ಷನ್ ಒಲೆ ಅಂದರೆ ಕರಿ ಗಾಜಿನ ಒಂದು ಹಲಗೆ. ಅವ್ವನ ತಳ ಬಾಗಿದ ಹಂಚು ಅದರ ಮೇಲೆ ಕೂರಲಿಲ್ಲ. ಮಟ್ಟಸ ತಳದ ಕಬ್ಬಿಣದ ಕಾ‌ವಲಿ ತಂದೆವು. ಮೊದಲ ಸೋಮವಾರ ಸ್ನಾನ ಮುಗಿಸಿ ಬಂದ ಅವ್ವ ಅಭ್ಯಾಸದಂತೆ ವಿಭೂತಿಗೆ ಮೂರು ಬೆರಳು ಅದ್ದಿ ಗಾಜಿನ ಮೇಲೆ ಎಳೆದಳು. ಬೆರಳು ಹೋದದ್ದು ಸರಿಯಾಗಿ ಆ ಟಚ್ ಗುಂಡಿಗಳ ಮೇಲೆ. ಒಲೆ ಕುಂಯ್ ಕುಂಯ್ ಅಂತ ಕೂಗಿ ಕೆಂಪು ಅಂಕಿಗಳನ್ನು ತೋರಿಸಿತು. ಅವ್ವ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಹಿಂದೆ ಪೀಣ್ಯದಲ್ಲಿ ಹಾರಿದ್ದ ಹಾಗೆಯೇ, ತಲೆ ಬಡಿಯಲು ಕೊಡವೊಂದು ಇರಲಿಲ್ಲ. ಸಿರಿ ನಕ್ಕಳು. ನನಗೆ ನಗು ಬರಲಿಲ್ಲ. ಗುಂಡಿಗಳಿಲ್ಲದ ಮೂಲೆ ತೋರಿಸಿ ಇಲ್ಲಿ ಧರಿಸವ್ವಾ ಅಂದೆ. ಅನುಮಾನದಿಂದಲೇ ಧರಿಸಿದಳು.

ಬೆಳಗ್ಗೆ, ಮಧ್ಯಾಹ್ನ ಅದರಲ್ಲೇ ಅಡುಗೆ ಮಾಡಿದಳು. ಸಂಜೆ ಮಾತ್ರ ಒಲೆಯ ಹತ್ತಿರ ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿಸಿ ಮುಚ್ಚಿಟ್ಟು ಕೂತುಬಿಡುತ್ತಿದ್ದಳು. ಕೆಲವು ದಿನ ಹೋದ ಮೇಲೆ ನೋಡಿದರೆ ಸ್ಟೀಲ್ ಡಬ್ಬಿಯ ತುಂಬ ಕಡಕ್ ರೊಟ್ಟಿ. ಅಜ್ಜಿ ಸ್ಟ್ರೈಕ್ ಮಾಡ್ತಿದಾರೆ ಅಂದಳು ಸಿರಿ. ನಾನೂ ಹಾಗೆಯೇ ಅಂದುಕೊಂಡೆ. ಮುನಿಸು ತಾನಾಗಿ ಇಳಿಯಲಿ ಅಂತ ಸುಮ್ಮನಿದ್ದೆ. ಸಿರಿಗೆ ಏನೋ ಪರೀಕ್ಷೆ ಹತ್ತಿರ ಬಂದಿತ್ತು. ಆಫೀಸಿನ ಕೆಲಸ ಮುಗಿಸಿ ಊಟದ ಟೇಬಲ್ಲಿನ ಮೇಲೆ ಪುಸ್ತಕ, ಲ್ಯಾಪ್‌ಟಾಪ್ ಹರಡಿಕೊಂಡು ಕೂರುತ್ತಿದ್ದಳು.

ನಿನ್ನೆ ಸಂಜೆ ಅವಳೇ ಬಾಯಿಬಿಟ್ಟು ಕೇಳಿದಳು, ಅಜ್ಜಿ, ರೊಟ್ಟಿ ತಿಂದು ಹಲ್ಲು ನೋವು ಬಂತು, ಇವತ್ತು ಬಿಸಿ ಅನ್ನ ಸಾರು ಮಾಡಿ ಅಂತ. ಆಯ್ತವಾ ಅಂದ ಅವ್ವ ಎದ್ದು ಹೋಗಿ ಬೇಳೆ ತೊಳೆದಳು, ಅಕ್ಕಿ ತೊಳೆದಳು, ಕುಕ್ಕರ್ ತಂದು ಗಾಜಿನ ಮೇಲಿಟ್ಟಳು. ಆಮೇಲೆ ಏನೂ ಸದ್ದಿಲ್ಲ. ನಾನು ಸೋಫಾದ ಮೇಲೆ ಕೂತಿದ್ದವಳು ಬಗ್ಗಿ ನೋಡಿದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಒಲೆಯನ್ನು ನೋಡುತ್ತಿರಲಿಲ್ಲ. ಊಟದ ಟೇಬಲ್ಲಿನ ಮೇಲೆ ತೂಗುವ ದೀಪವನ್ನು ನೋಡುತ್ತಿದ್ದಳು, ಆಮೇಲೆ ಅದರ ಕೆಳಗೆ ಬಗ್ಗಿದ ಸಿರಿಯ ತಲೆಯನ್ನು. ಸಿರಿ ಒಂದು ಪುಟ ತಿರುಗಿಸಿದಳು. ಅವ್ವ ಸರಿದು ಹೋಗಿ ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದು ಅಲ್ಲೇ ನಿಂತಳು. ಇಷ್ಟು ದಿನ ಅದನ್ನು ಮುನಿಸು ಅಂದುಕೊಂಡಿದ್ದೆವು. ಸಿರಿ ಪುಸ್ತಕ ಮುಚ್ಚಿ ಕಣ್ಣುಜ್ಜಿಕೊಂಡಳು. ಆಗ ಅವ್ವ ಕೇಳಿದಳು.

"ಓದೂದು ಮುಗೀತೇನವಾ? ಒಲಿ ಹಚ್ಚಲೇನು?"

"ಹಚ್ಚಿ ಅಜ್ಜಿ. ಅದಕ್ಕೂ ಇದಕ್ಕೂ ಏನ್ ಸಂಬಂಧ?" ಅಂದಳು ಸಿರಿ, ಇನ್ನೊಂದು ಪುಸ್ತಕ ಎಳೆದುಕೊಳ್ಳುತ್ತಾ.

ಅವ್ವ ಆ ಎರಡನೆಯ ಪುಸ್ತಕವನ್ನು ನೋಡಿದಳು. ಒಲೆಯ ಕಡೆ ಇಟ್ಟಿದ್ದ ಹೆಜ್ಜೆಯನ್ನು ಹಿಂದಕ್ಕೆ ತೆಗೆದು ನನ್ನ ಕಡೆ ತಿರುಗಿದಳು. ಈ ಮನೆಯ ಗೋಡೆಗಳೊಳಗೆ ದೀಪಕ್ಕೆ ಒಂದು, ಒಲೆಗೆ ಒಂದು, ಫ್ರಿಜ್ಜಿಗೆ ಒಂದು ಅಂತ ಬೇರೆ ಬೇರೆ ವೈರುಗಳು ಓಡಿವೆ, ಒಂದು ಹೋದರೆ ಇನ್ನೊಂದಕ್ಕೆ ಗೊತ್ತೂ ಆಗುವುದಿಲ್ಲ. ಅದನ್ನೆಲ್ಲ ಅವಳಿಗೆ ಬಿಡಿಸಿ ಹೇಳಬಹುದಿತ್ತು. ಓದಿದವಳು ನಾನು.

"ಮುಗೀತವ್ವಾ," ಅಂದೆ. "ಹಚ್ಚು."